ತೂಕ ನೋಡದೆ ಜಗಳ ಆಡದ ಮಾವ

ನಮ್ಮ ಸೋದರಮಾವನ ಎದುರು ನೀವು ಸುಮ್ಮನೆ ಜಗಳ ಆಡುವಂತಿಲ್ಲ. ಆಡಲೇಬೇಕೆಂದರೆ ಮೊದಲು ಇಬ್ಬರೂ ತೂಕದ ಮೆಷಿನ್ ಹತ್ತಬೇಕು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ನಾನು ಟೈಪ್ ಮಾಡುವಾಗ ಒಂದೊಂದೇ ಅಕ್ಷರ ಹುಡುಕಿ ಒತ್ತುವವನು. ಸುಳ್ಳು ಸೇರಿಸುವಷ್ಟು ವೇಗ ನನಗಿಲ್ಲ.

ಮಾವ ಹಿರೇಹಳ್ಳಿಯಲ್ಲಿ ಲಾರಿಗಳ ತೂಕ ನೋಡುತ್ತಿದ್ದವರು. ರಿಟೈರ್ ಆದಮೇಲೆ ಬಾಕ್ಸಿಂಗ್ ಪಂದ್ಯಗಳಲ್ಲಿ ಹುಡುಗರ ತೂಕ ನೋಡುತ್ತಾರೆ. ಕೂತಲ್ಲಿ ಕೂರುವ ಜೀವವಲ್ಲ. ಸ್ಕೂಟರಿನ ಮುಂದೆ ಮೆಷಿನ್ ಇಟ್ಟುಕೊಂಡು ಬೆಳಿಗ್ಗೆ ಗುಬ್ಬಿಯಲ್ಲಿದ್ದರೆ ಸಂಜೆ ಕುಣಿಗಲ್‌ನಲ್ಲಿ.

ಒಮ್ಮೆ ಶಿರಾ ಗೇಟ್‌ನಲ್ಲಿ ಒಬ್ಬ ಆಟೋದವನೂ ಒಬ್ಬ ಬೈಕಿನವನೂ ಕಾಲರ್ ಹಿಡಿದುಕೊಂಡಿದ್ದರು. ಮಾವ ನಡುವೆ ಮೆಷಿನ್ ಇಟ್ಟು, ‘ಹತ್ರಪ್ಪ, ಒಬ್ಬೊಬ್ರೇ’ ಎಂದರು. ಯಾಕೆ, ಏನು ಎಂದು ಹೊಳೆಯುವ ಮೊದಲೇ ಇಬ್ಬರೂ ಹತ್ತಿ ಇಳಿದಿದ್ದರು.

‘ನೀನು ಎಂಬತ್ನಾಕು, ಇವ್ನು ಐವತ್ತೊಂದು. ಇದು ಜಗ್ಳ ಅಲ್ಲ ಕಣಯ್ಯ, ಅನ್ಯಾಯ. ನಿನ್ ತೂಕದೋನ್ನ ಕರ್ಕಂಬಾ.’

ಆಟೋದವನು ಕಾಲರ್ ಬಿಟ್ಟ. ‘ಎಂಬತ್ನಾಕಾ? ಹೋದ್ ತಿಂಗ್ಳು ಎಪ್ಪತ್ತೊಂಬತ್ತಿತ್ತಲ್ಲ ಸಾ’ ಎಂದು ಚಿಂತೆಗೆ ಬಿದ್ದ. ಅಷ್ಟರಲ್ಲಿ ಅವನ ಹಿಂದೆ ತೂಕ ನೋಡಿಸಿಕೊಳ್ಳುವವರ ಸಾಲು ನಿಂತಿತ್ತು.

ಗುಬ್ಬಿಯ ಪಂದ್ಯದಲ್ಲಿ ನಲವತ್ತೆಂಟು ಕೆಜಿಯ ಹುಡುಗನಿಗೆ ಜೊತೆ ಸಿಗಲಿಲ್ಲ. ಪಂದ್ಯ ನಡೆಸುವವನು ಐವತ್ತೇಳರವನನ್ನು ಎದುರಿಗೆ ತಂದ.

‘ಒಂಬತ್ ಕೆಜಿ ತಾನೆ ಸಾರ್, ಅಡ್ಜಸ್ಟ್ ಮಾಡ್ಕಳಿ.’

‘ಒಂಬತ್ ಕೆಜಿ ಅಂದ್ರೆ ಒಂದು ಹಲಸಿನ್ ಹಣ್ಣು. ನಿನ್ ಮೂತಿ ಮ್ಯಾಲೆ ಬೀಳುಸ್ತೀನಿ, ಅಡ್ಜಸ್ಟ್ ಮಾಡ್ಕಂತೀಯಾ?’

ಮಾವ ಮೆಷಿನ್ ಸಮೇತ ರಿಂಗಿನ ನಡುವೆ ಕೂತುಬಿಟ್ಟರು. ಆ ಪಂದ್ಯ ನಡೆಯಲಿಲ್ಲ. ಅವರು ಅಷ್ಟು ಹೊತ್ತು ಒಂದೇ ಕಡೆ ಕೂತಿದ್ದು ಅದೊಂದೇ ಸಲ.

ಕುಣಿಗಲ್‌ನಲ್ಲಂತೂ ಒಬ್ಬ ಹುಡುಗ ಮೇಲಿನ ತೂಕದ ಕ್ಲಾಸಿಗೆ ಸೇರುವ ಆಸೆಗೆ ಚಡ್ಡಿಯೊಳಗೆ ದಿನಸಿ ಅಂಗಡಿಯ ತೂಕದ ಬಟ್ಟು ಸಿಕ್ಕಿಸಿಕೊಂಡು ಬಂದಿದ್ದ. ಲಾರಿಯವರ ಆಟಗಳನ್ನೆಲ್ಲ ಕಂಡ ಮಾವ, ‘ಎಲ್ಲಿ, ಒಂದ್ ಸಲ ಎಗರು’ ಎಂದರು. ಎಗರಿದ. ಠಣ್! ಅವನು ಅತ್ತರೂ ಮಾವ ಕರಗಲಿಲ್ಲ. ಅಂದಿನಿಂದ ಯಾರೇ ಆಗಲಿ, ಎಗರಿಯೇ ಮೆಷಿನ್ ಹತ್ತಬೇಕು.

ಇಂಥವರು ಮನೆಯಲ್ಲಿ ಹೇಗಿರುತ್ತಾರೆ? ಅತ್ತೆ ಅರವತ್ತೊಂದು ಕೆಜಿ, ಮಾವ ಅರವತ್ತೆರಡು. ‘ನಮ್ದು ಒಂದೇ ಕ್ಲಾಸು’ ಎಂದು ಮಾವ ದಿನಾ ಬೆಳಿಗ್ಗೆ ಕಾಫಿಯಿಂದಲೇ ಜಗಳ ತೆಗೆಯುತ್ತಿದ್ದರು. ಅತ್ತೆಯೂ ಬಿಡುತ್ತಿರಲಿಲ್ಲ. ಅವರ ಮನೆಯಿರುವ ಕ್ಯಾತ್ಸಂದ್ರದ ಬೀದಿಗೆ ಅಲಾರಾಂ ಬೇಕಿರಲಿಲ್ಲ.

ಹೋದ ವರ್ಷ ಅತ್ತೆಗೆ ಹೊಟ್ಟೆಯ ದೊಡ್ಡ ಆಪರೇಷನ್ ಆಯಿತು. ಐವತ್ತಕ್ಕೆ ಇಳಿದರು. ಮನೆಗೆ ಬಂದಮೇಲೆ ನಿಧಾನವಾಗಿ ಐವತ್ತಾರಾದರು. ಆದರೆ ಜಗಳ ಮಾತ್ರ ನಿಂತುಹೋಗಿತ್ತು. ಅತ್ತೆ ಏನಂದರೂ ಮಾವ ‘ಹೂಂ’ ಅನ್ನುವುದು, ಬಾಗಿಲಿಂದ ಗೇಟಿಗೆ, ಗೇಟಿಂದ ಬಾಗಿಲಿಗೆ ಓಡಾಡುವುದು. ನೋಡುವ ನನಗೇ ಕಾಲು ನೋಯುತ್ತಿತ್ತು.

ಒಂದು ದಿನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ‘ನಿಮ್ಮಾವ ಜಗ್ಳ ಆಡಿ ಮೂರ್ ತಿಂಗ್ಳಾಯ್ತು ಕಣೋ. ಡಾಕ್ಟ್ರು ಏನೋ ಹೇಳವ್ರೆ. ನಂಗೆ ಮುಚ್ಚಿಟ್ಟವ್ರೆ. ನಾನ್ ಉಳಿಯಲ್ಲ ಅಲ್ವೇನೋ?’

ನಾನು ಗೇಟಿನ ಹತ್ತಿರ ಮಾವನನ್ನು ಹಿಡಿದು ಕೇಳಿದೆ.

‘ಏ, ಹುಷಾರಾಗವ್ಳೆ ಅಂದ್ರು ಕಣ್ಲಾ ಡಾಕ್ಟ್ರು. ಆದ್ರೆ ಆರ್ ಕೆಜಿ ಕಮ್ಮಿ ಅವ್ಳೆ. ಹೆಂಗ್ಲಾ ಜಗ್ಳ ಆಡ್ಲಿ? ಅರವತ್ತು ಮುಟ್ಲಿ, ನೋಡೋಣ.’

ಅದನ್ನೇ ಹೋಗಿ ಅತ್ತೆಗೆ ಹೇಳಿದೆ. ಅವರು ನಗಲಿಲ್ಲ. ಮೂಲೆಯಲ್ಲಿದ್ದ ಕಬ್ಬಿಣದ ಕುಟ್ಟಾಣಿಯ ಕಡೆ ಸ್ವಲ್ಪ ಹೊತ್ತು ನೋಡಿದರು.

ಮರುದಿನ ಭಾನುವಾರ. ನಾನು ಹೋದಾಗ ಅತ್ತೆ ನಡುಮನೆಯಲ್ಲಿ ಸೆರಗು ಸುತ್ತಿಕೊಂಡು ನಿಂತಿದ್ದರು. ಮಡಿಲು ದಪ್ಪಗೆ ಜೋತುಬಿದ್ದಿತ್ತು.

‘ರೀ, ಮೆಷಿನ್ ತನ್ನಿ.’

ಮಾವ ತಂದಿಟ್ಟರು. ಮಡಿಲನ್ನು ನೋಡಿದರು. ಅತ್ತೆಯ ಮುಖ ನೋಡಿದರು. ಈಗ ‘ಎಗರು’ ಅನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ. ಅತ್ತೆ ಹತ್ತಿದರು. ಮಾವ ಬಗ್ಗಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಬಗ್ಗಿ ಓದಿದರು.

‘ಅರವತ್ತು. ಸರಿ ಐತೆ.’

ಆಮೇಲೆ ಗಂಟಲು ಸರಿ ಮಾಡಿಕೊಂಡರು. ‘ಬೆಳಿಗ್ಗೆ ಅದೇನ್ ಕಾಫಿನಾ? ಕಲಗಚ್ಚು ಇದ್ದಂಗಿತ್ತು.’

‘ಕುಡಿಯೋರ ನಾಲಿಗೆ ನೆಟ್ಟಗಿದ್ರೆ ತಾನೆ’ ಎಂದರು ಅತ್ತೆ, ಮೆಷಿನ್ ಮೇಲಿಂದಲೇ.

ಜಗಳ ಹತ್ತಿಕೊಂಡಿತು. ಅತ್ತೆ ಕೆಳಗಿಳಿಯುವಾಗಲೂ ನಿಲ್ಲಲಿಲ್ಲ. ಮಾವ ಬೈಯುತ್ತಲೇ ಒಂದು ಕೈಯಲ್ಲಿ ಅತ್ತೆಯ ಮೊಣಕೈ ಹಿಡಿದಿದ್ದರು. ಇನ್ನೊಂದು ಕೈ ಮಡಿಲಿನ ಕೆಳಗಿತ್ತು, ಆ ಭಾರ ಅತ್ತೆಯ ಹೊಟ್ಟೆಯನ್ನು ಜಗ್ಗದ ಹಾಗೆ.