ನಾಯಿಗೊಂದು ಚಟ್ಟಿ, ಚಟ್ಟಿಗೊಂದು ಆಕಾಶ

ನನ್ನ ಅಣ್ಣ ಹೆಣ್ಣು ನೋಡಲು ಹೋದದ್ದು ಒಂದೇ ಮನೆಗೆ. ನಾಯಿಯ ಪಾತ್ರೆ ನೋಡಲು ಹೋದದ್ದು ಹನ್ನೊಂದು ಅಂಗಡಿಗೆ! ಹೆಣ್ಣಿನ ಮನೆಯಲ್ಲಿ ಅವಲಕ್ಕಿ ತಿಂದು, ಚಹಾ ಕುಡಿದು, "ಆಲೋಚನೆ ಮಾಡಿ ಹೇಳ್ತೇನೆ" ಎಂದು ಎದ್ದು ಬಂದವನು ಇವತ್ತಿನವರೆಗೂ ಆಲೋಚನೆ ಮುಗಿಸಿಲ್ಲ. ಆ ಹೆಣ್ಣಿಗೆ ಈಗ ಮೊಮ್ಮಕ್ಕಳಿದ್ದಾರೆ. ಪಾತ್ರೆಯ ವಿಷಯದಲ್ಲಿ ಮಾತ್ರ ಅವನು ಒಂದು ತೀರ್ಮಾನಕ್ಕೆ ಬಂದ. ಆ ತೀರ್ಮಾನವನ್ನು ಹಾಳು ಮಾಡಿದವಳು ನಾನು. ಅದನ್ನು ಒಪ್ಪಿಕೊಳ್ಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಣ್ಣ ವರ್ಕಾಡಿಯಲ್ಲಿ ಟೈಲರ್. ಅವನು, ನಾನು, ನನ್ನ ಗಂಡ ಇರುವ ಮನೆಯ ಚಾವಡಿಯೇ ಅವನ ಅಂಗಡಿ. ಒಂದು ಮೂಲೆಯಲ್ಲಿ ಅವನ ಹೊಲಿಗೆ ಮೆಷಿನು, ಇನ್ನೊಂದು ಮೂಲೆಯಲ್ಲಿ ಬೀಡಿ ಕಟ್ಟುವ ನಾನು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಹಿಡಿದ ಬೀಡಿ ಎಲೆಯನ್ನು ನಾನು ಇನ್ನೂ ಕೆಳಗಿಟ್ಟಿಲ್ಲ. ಅಣ್ಣನ ಮೆಷಿನು ಹಾಗಲ್ಲ. ಎರಡು ನಿಮಿಷ ಓಡಿದರೆ ಹತ್ತು ನಿಮಿಷ ನಿದ್ದೆ. ಕಾಲು ಪೆಡಲಿನ ಮೇಲೆ, ಕಣ್ಣು ಅಂಗಳದ ಪೇರಳೆ ಮರದ ಮೇಲೆ. "ಎಂತ ನೋಡುದು ಅಣ್ಣ?" ಎಂದರೆ, "ಈ ಗಾಳಿ ಎಲ್ಲಿಂದ ಹೊರಡ್ತದೆ ಅಂತ" ಎನ್ನುತ್ತಾನೆ. ಇಂಥವನ ಕೈಗೆ ಮದುವೆಯ ರವಿಕೆ ಕೊಟ್ಟವರು ಅದನ್ನು ಸೀಮಂತಕ್ಕೆ ತೊಟ್ಟುಕೊಳ್ಳಬೇಕು!

ಒಂದು ದಿನ ಬಸ್ಸು ನಿಲ್ಲುವಲ್ಲಿಂದ ಅವನ ಹಿಂದೆಯೇ ಒಂದು ಬಿಳಿ ನಾಯಿ ನಡೆದು ಬಂತು. ಬೊಳ್ಳು ಎಂದು ಹೆಸರಿಟ್ಟೆವು. ಮೈ ಊರಿನ ನಾಯಿಯದ್ದು, ಕಿವಿ ಮಾತ್ರ ಯಾವ ದೊಡ್ಡ ಮನೆತನದ್ದೋ! ಬಾಳೆ ಎಲೆಯ ಹಾಗೆ ಕೆಳಗೆ ಜೋತುಬಿದ್ದಿತ್ತು. ಅನ್ನ ಹಾಕಿದರೆ ಬಾಯಿಗಿಂತ ಮೊದಲು ಕಿವಿಗಳು ಊಟಕ್ಕೆ ಇಳಿಯುತ್ತಿದ್ದವು. ಆಮೇಲೆ ಇಡೀ ಮಧ್ಯಾಹ್ನ ಮೀನಿನ ಸಾರಿನ ಕಿವಿಗೆ ನೊಣ.

ನಾನು ಎಲ್ಲರ ಹಾಗೆ ಗೆರಟೆಯಲ್ಲಿ ಹಾಕಿದ್ದೆ. ತೆಂಗಿನಕಾಯಿಯ ಚಿಪ್ಪಿಗಿಂತ ನಾಯಿಗೆ ಇನ್ನೆಂತ ಬೇಕು? ಅದು ಉರುಳಿತು. ಅಣ್ಣ ಹಳೆಯ ಅಲ್ಯೂಮಿನಿಯಂ ತಟ್ಟೆ ತಂದ. ಅದು ಹಗುರ. ಬೊಳ್ಳು ನಮ್ಮ ಅಂಗಳದಲ್ಲಿ ಊಟಕ್ಕೆ ಶುರುಮಾಡಿ, ತಟ್ಟೆಯನ್ನು ಮೂತಿಯಿಂದ ದೂಡುತ್ತ ದೂಡುತ್ತ ಪಕ್ಕದ ಮನೆಯ ಬಾಗಿಲಲ್ಲಿ ಮುಗಿಸುತ್ತಿತ್ತು. ಆ ಮನೆಯವರು ತಾವೇ ಅನ್ನ ಹಾಕಿದೆವೆಂದು ಊರಿಡೀ ಹೇಳಿದರು! ಪ್ಲಾಸ್ಟಿಕ್ಕಿನದ್ದು ತಂದ. ಬೊಳ್ಳು ಮೊದಲು ಅನ್ನ ತಿಂದು, ಆಮೇಲೆ ತಟ್ಟೆ ತಿಂದಿತು.

ಆಗ ಅಣ್ಣ ಟೇಪು ತೆಗೆದ. ನಾಯಿಯನ್ನು ಮೆಷಿನಿನ ಪಕ್ಕ ಕೂರಿಸಿ ಮೂತಿ, ಕುತ್ತಿಗೆ, ಕಿವಿ ಎಲ್ಲ ಅಳೆದ. ರವಿಕೆಗಳ ಅಳತೆ ಬರೆಯುವ ಪುಸ್ತಕದಲ್ಲೇ ಒಂದು ಹಾಳೆ ಬೊಳ್ಳುವಿಗೆ! ಆ ಹಾಳೆ ಹರಿದು ಹಿಡಿದುಕೊಂಡು ಕಾಸರಗೋಡಿಗೆ ಹೊರಟ. ಸಾಮಾನು ಹೊರಲು ನಾನೂ ಹೋದೆ. ಹೋಗಬಾರದಿತ್ತು. ಪಾತ್ರೆ ಅಂಗಡಿಯ ನಡುವೆ ಅವನು ಮಂಡಿಯೂರಿ ಕುಳಿತು, ಒಂದೊಂದೇ ಪಾತ್ರೆಯೊಳಗೆ ಮುಖ ಇಳಿಸಿ ನೋಡಲು ಶುರುಮಾಡಿದ. ಗಿರಾಕಿಗಳು ದಾರಿ ಬಿಟ್ಟು ನಿಂತರು. ಅಂಗಡಿಯವರು ಮೆತ್ತಗೆ ಕೇಳಿದರು:

"ಮನೆಯಲ್ಲಿ ಎಷ್ಟು ಜನಕ್ಕೆ ಬೇಕಾದದ್ದು?"

"ಒಬ್ಬನಿಗೇ. ಕಿವಿ ಐದೂವರೆ ಇಂಚು ಉಂಟು."

ಅಂಗಡಿಯವರು ನನ್ನ ಕಡೆ ನೋಡಿದರು. ನಾನು ಇವನ ತಂಗಿಯೇ ಅಲ್ಲ ಎಂಬಂತೆ ಇಡ್ಲಿ ಪಾತ್ರೆಯ ಬೆಲೆ ಕೇಳತೊಡಗಿದೆ!

ಹೀಗೆ ಹನ್ನೊಂದು ಅಂಗಡಿ ಸುತ್ತಿ ಊಟಕ್ಕೆ ಒಂದು ಸಿಕ್ಕಿತು: ಬುಡ ಅಗಲ, ಬಾಯಿ ಸಣ್ಣ, ಭಾರದ ಸ್ಟೀಲು. ಮೂತಿ ಒಳಗೆ, ಕಿವಿ ಹೊರಗೆ. ನೀರಿಗೂ ಅಂಥದ್ದೇ ಸಾಕೆಂದು ನಾನು ಅಂದರೆ ಅವನು ಒಪ್ಪಬೇಕಲ್ಲ! ನೀರಿಗೆ ಮಣ್ಣಿನದ್ದೇ ಆಗಬೇಕು, ತಂಪಾಗಿರಬೇಕು, ಅಗಲ ಇರಬೇಕು ಎಂದು ಮೀನಿನ ಸಾರು ಮಾಡುವಂಥ ದೊಡ್ಡ ಚಟ್ಟಿಯೊಂದನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದ. ಅದನ್ನು ಪೇರಳೆ ಮರದಿಂದ ಆಚೆ, ಮೇಲೆ ಏನೂ ಅಡ್ಡವಿಲ್ಲದ ಜಾಗದಲ್ಲಿ ಇಟ್ಟ.

"ಅಲ್ಲಿ ಯಾಕೆ? ನೆರಳಿಗೆ ಇಡು."

"ನೀರು ಕುಡಿಯುವಾಗ ಅವನಿಗೆ ಆಕಾಶ ಕಾಣ್ಬೇಕು."

"ನಾಯಿಗೆ ಆಕಾಶ ಎಂತಕ್ಕೆ ಮಾರಾಯ?"

"ತಲೆ ತಗ್ಗಿಸಿದವನಿಗೆ ಮೇಲೆ ಎಂತ ಉಂಟು ಅಂತ ಗೊತ್ತಾಗುದು ಬೇಡ್ವಾ?"

ನಾನು ಎಲೆ ಕತ್ತರಿಸಲು ಕುಳಿತೆ. ಅವನು ಚಟ್ಟಿಯ ಪಕ್ಕ ಕುಳಿತು, ಅದರೊಳಗೆ ಮೋಡ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟುವವರೆಗೆ ನೋಡಿದ. ನಾಯಿಯೂ ನೋಡಿತು. ಇಬ್ಬರಿಗೂ ಅವಸರವಿರಲಿಲ್ಲ. ಆಮೇಲೆ ಅವನು ಒಂದು ಬೊಗಸೆ ತಾನು ಕುಡಿದ. ಆಮೇಲೆ ನಾಯಿ ಕುಡಿಯಿತು. ದಿನವೂ ಅದೇ ಕ್ರಮ.

ಅಗಲದ ಚಟ್ಟಿಯಲ್ಲಿ ಕಿವಿ ಒದ್ದೆಯಾಗುತ್ತದಲ್ಲ? ಅದಕ್ಕೂ ಅವನಲ್ಲಿ ಮದ್ದಿತ್ತು. ಕಿವಿ ಎತ್ತಿ ಕಟ್ಟಲು ಹಸಿರು ಬಟ್ಟೆಯ ಪಟ್ಟಿಯೊಂದನ್ನು ಹೊಲಿದ. ಬೊಳ್ಳು ಅದನ್ನು ಕಟ್ಟಿಕೊಂಡು ಗತ್ತಿನಲ್ಲಿ ನಡೆಯುತ್ತಿದ್ದಾಗ ಪಕ್ಕದ ಮನೆಯ ಅಕ್ಕ ಬೇಲಿಯಾಚೆ ನಿಂತು ಕಣ್ಣು ಕಿರಿದು ಮಾಡಿದರು.

"ಟೈಲರೇ, ನನ್ನ ರವಿಕೆಗೆ ಬಟ್ಟೆ ಸಾಕಾಗಲಿಲ್ಲ, ತೋಳು ಗಿಡ್ಡ ಆಯ್ತು ಅಂದಿರಲ್ಲ, ಬಾಕಿ ತೋಳು ಅಗೋ ಹೋಗ್ತಾ ಉಂಟು!"

ಹೀಗಿರುವಾಗ ಅಣ್ಣನಿಗೆ ಹರ್ನಿಯಾ ಆಯಿತು. ಒಳಗಿನ ಹೊಲಿಗೆ ಬಿಟ್ಟ ಹಾಗೆ ಎಂದು ಡಾಕ್ಟರು ತಿಳಿಸಿ ಹೇಳಿದರಂತೆ. ಊರಿನವರಿಗೆಲ್ಲ ಹೊಲಿದುಕೊಟ್ಟವನಿಗೆ ಈ ಗತಿ! ಕಾಸರಗೋಡಿನ ಆಸ್ಪತ್ರೆಗೆ ಸೇರಿಸಿದೆವು. ಶುಗರು ಇಳಿದ ಮೇಲೆ ಆಪರೇಶನ್ ಎಂದರು. ನನ್ನ ಗಂಡ ಜೊತೆಗೆ ನಿಂತರು. ಮನೆಯಿಂದ ಹೊರಡುವಾಗ ಅಣ್ಣ ನನಗೆ ಹೇಳಿದ್ದು ಒಂದೇ ಮಾತು: "ಬೊಳ್ಳು ನೀರು ಕುಡಿಯುದು ಬಿಟ್ರೆ ನನಗೆ ಹೇಳ್ಬೇಕು. ಆಪರೇಶನ್ ಮತ್ತೆ ನೋಡುವ, ನಾನು ಬಸ್ಸು ಹತ್ತಿ ಬರ್ತೇನೆ."

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದು ಮಾರ್ಚ್ ತಿಂಗಳ ಸೆಕೆ. ಹೊಗೆಸೊಪ್ಪು ಒಣಗಿ ಧೂಳಾಗುತ್ತಿತ್ತು. ಧೂಳಾದರೆ ಬೀಡಿ ನಿಲ್ಲುವುದಿಲ್ಲ. ಸೊಪ್ಪು ತಂಪಾಗಿರಲು ಮಣ್ಣಿನ ಪಾತ್ರೆಯಷ್ಟು ಒಳ್ಳೆಯದು ಬೇರೆ ಇಲ್ಲ. ಅಂಗಳದಲ್ಲಿ ಅಷ್ಟು ಅಗಲದ ಚಟ್ಟಿ, ಅದೂ ನಾಯಿಗೆ! ಅಣ್ಣನ ಬಸ್ಸು ತಿರುವು ದಾಟಿತೋ ಇಲ್ಲವೋ, ನಾನು ನೀರು ಚೆಲ್ಲಿ, ಒರೆಸಿ, ಹೊಗೆಸೊಪ್ಪು ತುಂಬಿಸಿದೆ. ಬೊಳ್ಳುವಿಗೆ ಅನ್ನದ ಗಂಜಿ ಬಸಿಯುವ ಅಗಲದ ಪಾತ್ರೆಯಲ್ಲಿ ನೀರಿಟ್ಟೆ.

ಅದು ಮೂಸಿತು. ನನ್ನ ಮುಖ ನೋಡಿತು. ಹೋಗಿ ಹೊಲಿಗೆ ಮೆಷಿನಿನ ಪೆಡಲಿನ ಮೇಲೆ ಗಲ್ಲ ಇಟ್ಟು ಮಲಗಿತು.

ಸಂಜೆಯೂ ಕುಡಿಯಲಿಲ್ಲ. ಹೆದರಿ ಚಟ್ಟಿ ಖಾಲಿ ಮಾಡಿ ಬೂದಿ, ಹುಣಸೆಹುಳಿ, ಬಿಸಿನೀರು ಎಲ್ಲ ಹಾಕಿ ಉಜ್ಜಿದೆ. ಮಣ್ಣು ಒಮ್ಮೆ ಕುಡಿದ ಹೊಗೆಸೊಪ್ಪನ್ನು ಬಿಟ್ಟುಕೊಡುತ್ತದೆಯೇ? ನನ್ನ ಕೈಯೇ ಬಿಟ್ಟುಕೊಟ್ಟಿಲ್ಲ. ಮರುದಿನ ಬೆಳಿಗ್ಗೆಯೂ ಬೊಳ್ಳು ನೀರು ಮುಟ್ಟಲಿಲ್ಲ. ಮೂಗು ಒಣಗಿತ್ತು. ಅಣ್ಣ ಫೋನು ಮಾಡಿದಾಗಲೆಲ್ಲ "ಕುಡೀತಾನೆ, ಚೆನ್ನಾಗಿ ಕುಡೀತಾನೆ" ಎಂದೆ. ನಿಜ ಹೇಳಿದರೆ ಅವನು ಬಂದುಬಿಡುತ್ತಾನೆ. ಹೇಳದಿದ್ದರೆ ನಾಯಿ ಸಾಯುತ್ತದೆ. ನಾಯಿ ಸತ್ತರೆ ಅವನಿಗೆ ಆಪರೇಶನ್ ಯಾಕೆ?

ನಾಲ್ಕು ಗಂಟೆಯ ಹೊತ್ತಿಗೆ ಮತ್ತೆ ಫೋನು ಬಂತು.

"ನಾಳೆ ಬೆಳಿಗ್ಗೆ ಆಪರೇಶನ್ ಅಂತೆ. ಸಹಿ ಹಾಕ್ಲಿಕ್ಕೆ ಹೇಳ್ತಾ ಇದ್ದಾರೆ. ಅವನು ನೀರು ಕುಡಿಯುದು ಒಮ್ಮೆ ಕೇಳಿಸು."

"ಎಂತ?"

"ಫೋನು ಚಟ್ಟಿಯ ಹತ್ರ ಇಡು ಮಾರಾಯ್ತಿ. ಶಬ್ದ ಕೇಳಿದ ಮೇಲೆ ಸಹಿ ಹಾಕ್ತೇನೆ."

ದೇವರೇ! ಬಸಿಯುವ ಪಾತ್ರೆಯನ್ನು ಅಂಗಳದ ನಡುವೆ ಇಟ್ಟು, ಫೋನನ್ನು ಪಕ್ಕದಲ್ಲಿಟ್ಟು, ಬೊಳ್ಳುವನ್ನು ಕರೆದೆ. ಅದು ಬಂದು ನಿಂತಿತು, ಕುಡಿಯಲಿಲ್ಲ. ಫೋನಿನೊಳಗೆ ಅಣ್ಣ ಉಸಿರು ಹಿಡಿದು ಕಾಯುತ್ತಿದ್ದ. ಏನು ಮಾಡಲಿ? ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈ ನೆಲಕ್ಕೂರಿ, ಬಗ್ಗಿ ನಾಲಗೆ ಚಾಚಿದೆ. ಪಕ್ಕದ ಮನೆಯ ಅಕ್ಕ ಬೇಲಿಯ ಹತ್ತಿರ ಬಂದವರು ನನ್ನನ್ನು ಕಂಡು ಹಾಗೆಯೇ ಹಿಂದಕ್ಕೆ ನಡೆದುಹೋದರು!

ಲಪ್, ಲಪ್. ನೀರು ಬೆಚ್ಚಗಿತ್ತು. ಮೂರನೆಯ ಸಲ ಬಗ್ಗಿದಾಗ ಕಂಡಿತು, ನೀರಿನ ತಳದಲ್ಲಿ ಆಕಾಶ. ಅಷ್ಟು ಆಳ! ಒಂದು ಗರುಡ ಸದ್ದಿಲ್ಲದೆ ತಿರುಗುತ್ತಿತ್ತು. ನನ್ನ ನಾಲಗೆ ತಾಗಿದಾಗ ಅದು ಅಲುಗಿ ಚೂರಾಗುತ್ತಿತ್ತು, ಮತ್ತೆ ಕೂಡುತ್ತಿತ್ತು. ತಲೆ ತಗ್ಗಿಸಿಯೇ ಬದುಕು ಕಳೆದವಳು ನಾನು. ಮಡಿಲಿನ ಬೀಡಿಯ ಗೆರಸೆ ಬಿಟ್ಟರೆ ಬೇರೇನೂ ನೋಡಿದವಳಲ್ಲ. ಫೋನಿದೆ, ಸಹಿ ಇದೆ ಎಂಬುದೆಲ್ಲ ಮರೆತು ಬಗ್ಗಿಯೇ ಇದ್ದೆ.

ಕೆನ್ನೆಗೆ ಒಣಗಿದ ಮೂಗೊಂದು ತಾಗಿತು. ನನ್ನ ಮುಖದ ಪಕ್ಕದಲ್ಲೇ ಬೊಳ್ಳು ನೀರಿಗೆ ನಾಲಗೆ ಹಾಕಿತು. ಪಾತ್ರೆಯ ಬುಡ ಕಾಣುವವರೆಗೆ ಕುಡಿಯಿತು.

"ಆಯ್ತು, ಸಹಿ ಹಾಕ್ತೇನೆ" ಎಂದಿತು ಫೋನು.

ಅಣ್ಣ ಮನೆಗೆ ಬಂದ ದಿನ ಚಾವಡಿಯಲ್ಲಿ ಮಲಗಿಸಿದೆವು. ಚಟ್ಟಿ ತರಲು ಹೇಳಿ, ಮೂಸಿ, ಬದಿಗಿಟ್ಟ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ನಾನು ಎಲ್ಲ ಹೇಳಿದೆ. ಹೊಗೆಸೊಪ್ಪು, ಸುಳ್ಳು, ಕೊನೆಗೆ ಫೋನಿನಲ್ಲಿ ಮೊದಲು ಕುಡಿದವಳು ನಾನೆಂದು ಕೂಡ.

"ಅದು ಆಗಲೇ ಗೊತ್ತಿತ್ತು" ಎಂದ.

"ಹೇಗೆ?"

"ನೀನು ಸಣ್ಣವಳಿರುವಾಗ ಅಮ್ಮನಿಗೆ ಬೀಡಿಯಿಂದ ಏಳ್ಲಿಕ್ಕೆ ಪುರುಸೊತ್ತು ಇರ್ಲಿಲ್ಲ. ನಿನಗೆ ನೀರು ಕುಡಿಸುದು ನನ್ನ ಕೆಲಸ. ಪ್ರತಿ ಗುಟುಕಿಗೂ ನೀನು ಮೂಗಿನಲ್ಲಿ ಒಂದು ಸಣ್ಣ ಉಸಿರು ಬಿಡುದು. ಈಗಲೂ ಬಿಡ್ತಿ."

"ಹಾಗಾದ್ರೆ ಬಸ್ಸು ಹತ್ತಿ ಯಾಕೆ ಬರ್ಲಿಲ್ಲ?"

"ನೀನು ಅಷ್ಟು ಬಗ್ಗಿದ್ದಿ ಅಂದ ಮೇಲೆ ನಾನು ಬಂದು ಎಂತ ಮಾಡ್ಲಿಕ್ಕುಂಟು?"

ಅವನಿಗೆ ಬಾಯಾರಿತ್ತು. ಒಂದು ಲೋಟ ನೀರು ತಂದು, ತಲೆ ಎತ್ತಿ ಹಿಡಿದು ಕುಡಿಸಿದೆ. ನನ್ನ ಉಸಿರನ್ನು ಇಷ್ಟು ವರ್ಷ ನೆನಪಿಟ್ಟುಕೊಂಡವನು ತಾನು ಹೇಗೆ ನೀರು ಕುಡಿಯುತ್ತಾನೆ? ನನಗೆ ಗೊತ್ತಿರಲಿಲ್ಲ. ಒಂದೇ ಚಾವಡಿಯಲ್ಲಿ ಇಷ್ಟು ಕಾಲ ಕುಳಿತೂ ಗೊತ್ತಿರಲಿಲ್ಲ. ಲೋಟದ ಹತ್ತಿರ ಕಿವಿ ತಂದು ಕೇಳಿದೆ.