ನೀಲವ್ವ ಡಾಟ್ ಗ

ತಿಳಿವಳಿಕೆ ಸಾಲದೆ ತಪ್ಪು ಮಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಿಗೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತದೆ. ನನ್ನ ತಪ್ಪುಗಳೆಲ್ಲ ಅನುಭವ ಹೆಚ್ಚಾಗಿ ಆದಂಥವು. ಗೋವಾದ ವಾಸ್ಕೋ ಬಂದರಿನಲ್ಲಿ ಒಂದು ಗೇಟಿನ ಪಕ್ಕ ಕೂತು, ಹೋಗುವ ಬರುವ ಲಾರಿಗಳ ನಂಬರು ಬರೆಯುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ. ಕೆಎ ಎಂದರೆ ಕರ್ನಾಟಕ, ಎಂಎಚ್ ಎಂದರೆ ಮಹಾರಾಷ್ಟ್ರ, ಜಿಎ ಎಂದರೆ ಗೋವಾ. ಯಾರಾದರೂ ಕೇಳಿದರೆ ತಕ್ಷಣ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆಂದು ನನ್ನ ಹೆಂಡತಿ ನೀಲವ್ವನ ದೂರು. ಈ ಪಾಂಡಿತ್ಯವೇ ನನ್ನನ್ನು ಆಫ್ರಿಕಾದ ತನಕ ಕರೆದುಕೊಂಡು ಹೋಗಿ ಅಲ್ಲಿ ನಡುನೀರಿನಲ್ಲಿ ಕೈಬಿಟ್ಟಿತು.

ನಾವಿರುವುದು ಮಂಗೋರ್ ಹಿಲ್‌ನ ಒಂದು ಓಣಿಯಲ್ಲಿ. ಮನೆ ಸಣ್ಣದು, ಆದರೆ ಹಿಂದಿನ ಮೆಟ್ಟಿಲ ಮೇಲೆ ಕೂತರೆ ಸಮುದ್ರ ಕಾಣುತ್ತದೆ. ನೀಲವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ಗೋಡೆ ಕಟ್ಟುವವರು, ಮೂಟೆ ಹೊರುವವರು, ವಾರಗಟ್ಟಲೆ ಅನ್ನ ಉಂಡು ಮುಖ ಸಪ್ಪಗಾದಾಗ ಅವಳ ಬಾಗಿಲಿಗೆ ಬರುತ್ತಾರೆ. ಬಂದವರು ಕೇಳುವುದು ಮಾತ್ರ ‘ಕ್ಲಾರ್ಕರ ಮನಿ ರೊಟ್ಟಿ’. ಜೀವಮಾನದಲ್ಲಿ ಒಂದು ರೊಟ್ಟಿ ಬಡಿಯದ ನನ್ನ ಹೆಸರಿನಲ್ಲಿ ಅವಳ ರೊಟ್ಟಿ ಊರು ತಿರುಗುತ್ತಿತ್ತು. ಗ್ಯಾಸ್ ಸಿಲಿಂಡರ್ ತರುವವನಿಗೂ ಅವಳು ಕ್ಲಾರ್ಕರ ಹೆಂಡತಿ, ಔಷಧಿ ಅಂಗಡಿಯವನಿಗೂ ಅಷ್ಟೇ. ಒಂದು ಸಂಜೆ ಹಂಚಿನ ಮೇಲೆ ರೊಟ್ಟಿಗೆ ನೀರು ಸವರುತ್ತ ಅವಳು, “ನನ್ನ ಹೆಸರು ಹಿಡದು ಕರೀತಿದ್ದಾಕಿ ನಮ್ಮವ್ವ ಒಬ್ಬಾಕಿನ ನೋಡ್ರಿ. ಆಕಿ ಹೋದಮ್ಯಾಲೆ ನನಗೊಂದು ಹೆಸರೈತಿ ಅನ್ನೂದ ಮರತಂಗ ಆಗೇತಿ” ಅಂದಳು. ದೂರುವ ದನಿಯಲ್ಲೇನೂ ಹೇಳಲಿಲ್ಲ. ಹೇಳಿ ಮುಂದಿನ ರೊಟ್ಟಿ ತಟ್ಟಿದಳು. ನಾನು ಮಾತ್ರ ಅವತ್ತೆಲ್ಲ ಆ ಮಾತನ್ನೇ ತಲೆಯಲ್ಲಿ ತಿರುಗಿಸುತ್ತ ಕೂತೆ.

ಬೇರೆ ಗಂಡನಾಗಿದ್ದರೆ ಅವತ್ತಿನಿಂದ ಹೆಂಡತಿಯನ್ನು ಹೆಸರು ಹಿಡಿದು ಕರೆಯಲು ಶುರುಮಾಡುತ್ತಿದ್ದ. ಅಷ್ಟು ಸುಲಭದ ದಾರಿ ನನಗೆ ಹೊಳೆಯುವುದಿಲ್ಲ. ಅವಳ ಹೆಸರನ್ನು ಇಂಟರ್ನೆಟ್ಟಿನಲ್ಲಿ ಇಡಬೇಕು, ಇಡೀ ಜಗತ್ತು ಓದಬೇಕು ಎಂದು ನಿಶ್ಚಯಿಸಿದೆ. ಗೇಟಿನಲ್ಲಿ ಊಟದ ಬಿಡುವಿನಲ್ಲಿ ಫೋನು ಹಿಡಿದು ಆ ವಿದ್ಯೆಯನ್ನೆಲ್ಲ ಓದಿದೆ. ಅಲ್ಲಿ ಒಂದು ಹೆಸರು ಬೇಕೆಂದರೆ ಹೆಸರಿನ ಮುಂದೆ ಒಂದು ಚುಕ್ಕಿ, ಚುಕ್ಕಿಯ ಮುಂದೆ ಒಂದು ಬಾಲ ಬೇಕು. ದೇಶದೇಶಕ್ಕೂ ಎರಡಕ್ಷರದ ಅದರದೇ ಬಾಲ. ನಮ್ಮ ದೇಶದ್ದು ‘ಇನ್’. ಬೇಕಾದರೆ ಕನ್ನಡ ಅಕ್ಷರದಲ್ಲೇ ‘ಭಾರತ’ ಎಂದೂ ಹಾಕಿಸಿಕೊಳ್ಳಬಹುದು. ಆದರೆ ಈಗಿನ ಕಾಲದಲ್ಲಿ ತಮ್ಮ ಬಾಲ ಬಿಟ್ಟು ಪರರ ಬಾಲಕ್ಕೆ ಮುಗಿಬೀಳುವುದೇ ರೂಢಿಯಂತೆ. ತುವಾಲು ಎಂಬ ಚೂರು ದ್ವೀಪಕ್ಕೆ ಸಿಕ್ಕ ಅಕ್ಷರ ‘ಟಿವಿ’, ಆದ್ದರಿಂದ ಜಗತ್ತಿನ ಟಿವಿಯವರೆಲ್ಲ ಅದರ ಬಾಗಿಲಿಗೆ. ಮಾಂಟೆನೆಗ್ರೊ ದೇಶದ್ದು ‘ಮಿ’, ಹಾಗಾಗಿ ‘ನಾನು, ನನ್ನದು’ ಅನ್ನುವವರೆಲ್ಲ ಆ ಕಡೆ. ಆಂಗ್ವಿಲಾ ಎಂಬ ಇನ್ನೊಂದು ದ್ವೀಪಕ್ಕೆ ‘ಎಐ’ ಸಿಕ್ಕಿತ್ತು. ಕೃತಕ ಬುದ್ಧಿಯ ಕಾಲ ಬಂದದ್ದೇ ಬಂದದ್ದು, ದ್ವೀಪದ ದೆಸೆ ತಿರುಗಿತು. ಆ ಎರಡಕ್ಷರವನ್ನು ನಾನು ಮೊದಲು ‘ಆಯಿ’ ಎಂದೇ ಓದಿದ್ದು. ಗೋವಾದಲ್ಲಿ ಆಯಿ ಎಂದರೆ ತಾಯಿ, ನಮ್ಮ ಕಡೆ ಅಜ್ಜಿ. ದೂರದ ದ್ವೀಪದಲ್ಲಿ ಒಬ್ಬ ಆಯಿ ಕಾಲು ಚಾಚಿ ಕೂತಿದ್ದಾಳೆ, ಜಗತ್ತಿನ ಬುದ್ಧಿವಂತರೆಲ್ಲ ಸಾಲಾಗಿ ನಿಂತು ಅವಳ ಹೆಸರು ಬೇಡುತ್ತಿದ್ದಾರೆ ಎಂದು ಕಲ್ಪಿಸಿಕೊಳ್ಳುತ್ತ ಆ ಮಧ್ಯಾಹ್ನ ಮೂರು ಲಾರಿಗಳ ನಂಬರು ಬರೆಯುವುದನ್ನೇ ಮರೆತೆ.

ಹೀಗೆ ಓದುತ್ತ ಓದುತ್ತ ಒಂದು ದಿನ ಪಟ್ಟಿಯಲ್ಲಿ ‘ಜಿಎ’ ಕಂಡಿತು. ಅದೂ ಪುಕ್ಕಟೆ. ನನಗೆ ಎರಡನೆಯ ಯೋಚನೆ ಬರಲೇ ಇಲ್ಲ. ಹತ್ತೊಂಬತ್ತು ವರ್ಷದಿಂದ ದಿನಾ ಬರೆದ ಅಕ್ಷರ. ಗೋವಾ ಸರಕಾರ ತನ್ನ ಜನರಿಗಾಗಿ ಪುಕ್ಕಟೆ ಹಂಚುತ್ತಿದೆ ಎಂದು ಅದರ ಔದಾರ್ಯಕ್ಕೆ ಮನಸ್ಸಿನಲ್ಲೇ ಕೈಮುಗಿದು ‘ನೀಲವ್ವ ಡಾಟ್ ಜಿಎ’ ಎಂದು ನೋಂದಾಯಿಸಿದೆ. ಒಂದು ಪುಟ ಮಾಡಿದೆ. ಅದರಲ್ಲಿ ರೊಟ್ಟಿಗಳ ಒಂದು ಚಿತ್ರ, ಚಿತ್ರದ ಮೂಲೆಯಲ್ಲಿ ತಪ್ಪಿ ಬಂದ ನನ್ನ ಹೆಬ್ಬೆರಳು, ಕೆಳಗೆ ಫೋನ್ ನಂಬರು. ತೋರಿಸಿದಾಗ ನೀಲವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. “ಇದು ನನ್ನ ಹೆಸರೇನ್ರಿ?” ಅಂದಳು. ಹೌದೆಂದೆ. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದಳು. ಮದುವೆಯಾದಾಗಿನಿಂದ ನಾನು ಅವಳಿಗೆ ಕೊಟ್ಟ ಯಾವುದನ್ನೂ ಅವಳು ಹಾಗೆ ನೋಡಿರಲಿಲ್ಲ.

ಉಬ್ಬಿಹೋದ ನಾನು ಮರುದಿನವೇ ನಮ್ಮ ಓಣಿಯ ಪೇಂಟರ್ ಮಕಬೂಲಸಾಬರನ್ನು ಕರೆದು ಬಾಗಿಲ ಮೇಲೆ ಬೋರ್ಡು ಬರೆಯಿಸಿದೆ. ಅವರು ಇಂಡಿ ಕಡೆಯವರು, ಕೈ ಬಹಳ ಚಲೋ. ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ಕ್ಲಾರ್ಕ್ ಸಾಹೇಬ್ರ, ನಮ್ಮ ಮಂದಿ ಇಂಗ್ಲಿಷ್ ಎಲ್ಲಿ ಓದತಾರ್ರಿ? ನಾ ಕನ್ನಡದಾಗ ಬರೀತೇನಿ” ಅಂದರು. ಜಿ, ಎ ಎರಡನ್ನೂ ಕೂಡಿಸಿ ‘ಗ’ ಎಂದು ಓದಿಕೊಂಡು ಬರೆದರು ಕೂಡ. ಹಳದಿಯ ಮೇಲೆ ಕೆಂಪು, ದುಂಡು ಅಕ್ಷರ: ‘ನೀಲವ್ವ.ಗ’. ದೂರದಿಂದ ಚುಕ್ಕಿ ಕಾಣುವುದಿಲ್ಲ. ನಮ್ಮ ಕಡೆ ನೀಲವ್ವನಿಗೆ ಎನ್ನುವುದಿಲ್ಲ, ‘ನೀಲವ್ವಗ’ ಎನ್ನುತ್ತೇವೆ. ಓಣಿಯಲ್ಲಿ ಹೋಗುವವರೆಲ್ಲ ತಲೆಯೆತ್ತಿ ಓದುವರು, ನಿಲ್ಲುವರು, ಮುಂದೇನಾದರೂ ಇದೆಯೇ ಎಂದು ಗೋಡೆಯ ಆ ತುದಿಯವರೆಗೆ ನೋಡುವರು. ಕೊನೆಗೆ ತಡೆಯಲಾರದೆ, “ನೀಲವ್ವಗ ಏನ್ರಿ?” ಎಂದು ಕೇಳುವರು. ನಾನು ಡೊಮೇನು, ಚುಕ್ಕಿ, ಬಾಲ ಎಂದು ವಿವರಿಸಲು ಹೊರಟರೆ, ಅವರು “ಅದೆಲ್ಲಾ ಖರೇ, ಆದ್ರ ನೀಲವ್ವಗ ಏನು?” ಎಂದು ಮತ್ತೆ ಅಲ್ಲಿಗೇ ಬರುವರು. ಹೀಗೆ ಅರ್ಧಕ್ಕೆ ನಿಂತ ಮಾತೊಂದು ನಮ್ಮ ಬಾಗಿಲ ಮೇಲೆ ಕೂತು ಇಡೀ ಗುಡ್ಡಕ್ಕೆ ಗೊತ್ತಾಯಿತು.

ಜಿಎ ಎಂದರೆ ಗೋವಾ ಅಲ್ಲ, ಗ್ಯಾಬೊನ್ ಎಂದು ನನಗೆ ತಿಳಿದದ್ದು ಆಮೇಲೆ. ಸಣ್ಣಕ್ಷರದಲ್ಲಿ ಬರೆದದ್ದನ್ನು ಒಂದು ಮಧ್ಯಾಹ್ನ ಹೊತ್ತು ಹೋಗದೆ ಓದಿದೆ. ಗ್ಯಾಬೊನ್ ಆಫ್ರಿಕಾದ ಪಡುಗಡಲ ದಂಡೆಯ ದೇಶ, ಭೂಮಧ್ಯರೇಖೆ ಅದರ ನಡುವೆಯೇ ಹಾದುಹೋಗುತ್ತದೆ. ತಪ್ಪು ಗೊತ್ತಾದಾಗ ನಾಚಿಕೆಯಾಗಬೇಕಿತ್ತು. ಆದರೆ ನನಗೆ, ಸುಳ್ಳೇಕೆ ಹೇಳಲಿ, ಒಂಥರಾ ಹಿತವಾಯಿತು. ಅಂದಿನಿಂದ ಸಂಜೆ ಹಿಂದಿನ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತರೆ, ಲಂಗರು ಹಾಕಿದ ಹಡಗುಗಳನ್ನು ದಾಟಿ ಕಣ್ಣು ಆ ಕಡೆಗೇ ಹೋಗುವುದು. ಅಲ್ಲಿ ದಟ್ಟ ಕಾಡು ಸಮುದ್ರದ ತನಕ ಇಳಿದು ಬಂದಿದೆ. ಕಾಡಿನ ಅಂಚಿಗೆ ಒಂದು ಕಚೇರಿ. ಕಚೇರಿಯ ಕಿಟಕಿಯಲ್ಲಿ ನನ್ನಂಥವನೇ ಒಬ್ಬ ಕ್ಲಾರ್ಕ್. ಅವನಿಗೂ ನಡು ನೋವು, ಅವನ ಫ್ಯಾನೂ ಮೆಲ್ಲಗೆ ತಿರುಗುತ್ತದೆ. ಅವನು ದೊಡ್ಡ ರಿಜಿಸ್ಟರು ತೆರೆದು, ನಾಲಿಗೆಯ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬರೆಯುತ್ತಾನೆ: ನೀ, ಲ, ವ್ವ. ಇದು ಯಾರ ಹೆಸರಿರಬಹುದು ಎಂದು ಕಿಟಕಿಯಾಚೆ ಸಮುದ್ರ ನೋಡುತ್ತಾನೆ. ಅವನೂ ನಾನೂ ಹೀಗೆ ಎಷ್ಟೋ ಸಂಜೆ ಎದುರುಬದುರು ಕೂತಿದ್ದೇವೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಚಹಾ ಆರುತ್ತಿತ್ತು, ಆ ಮನುಷ್ಯನಿಗೊಂದು ರೊಟ್ಟಿ ಕಳಿಸಲಾದೀತೇ ಎಂದು ನಾನು ಯೋಚಿಸುತ್ತಿದ್ದೆ. ಖಡಕ್ ರೊಟ್ಟಿಯಾದರೆ ಹಡಗಿನಲ್ಲಿ ಕೆಡುವುದಿಲ್ಲ.

ಇಂಥ ದಿನಗಳಲ್ಲೇ ಒಂದು ಶುಕ್ರವಾರ, ಸಾಂಕೋಲೆಯ ಕಾರ್ಖಾನೆಯೊಂದರ ಕ್ಯಾಂಟೀನು ನಡೆಸುವ ಹೊಸಮನಿ ಎಂಬವರು ಗೇಟಿಗೆ ಬಂದರು. ಗದಗದ ಕಡೆಯವರು. ನನ್ನ ಡಬ್ಬಿಯಲ್ಲಿದ್ದ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, “ಏನ್ ಚಲೋ ಅದಾವ್ರಿ! ನಮ್ಮಲ್ಲಿ ಮಂದಿ ಅನ್ನ ಉಂಡು ಬ್ಯಾಸತ್ತಾರ. ದಿನಾ ಕೊಡೂದಾದ್ರ ನನಗ ಬೇಕು. ಎಲ್ಲಿ ಬರ್ಲಿ ಹೇಳ್ರಿ” ಅಂದರು. ನೀಲವ್ವ ವರ್ಷಗಳಿಂದ ಬಯಸಿದ್ದು ಇಂಥ ಒಂದು ಕಾಯಂ ಗಿರಾಕಿಯನ್ನೇ. ಮಂಗೋರ್ ಹಿಲ್, ಇಂಥ ಓಣಿ, ಹಳದಿ ಬೋರ್ಡು ಎಂದಿದ್ದರೆ ಮುಗಿಯುತ್ತಿತ್ತು. ನಾನು ಎದೆಯುಬ್ಬಿಸಿ, “ಇಂಟರ್ನೆಟ್‌ನ್ಯಾಗ ನೋಡ್ರಿ, ಎಲ್ಲಾ ಅದರಾಗ ಐತಿ” ಎಂದು ಅವರ ಅಂಗೈ ಮೇಲೆ ಆ ಹೆಸರು ಬರೆದುಕೊಟ್ಟೆ. ಸೋಮವಾರ ನೋಡುತ್ತೇನೆಂದು ಹೋದರು. ನಾನು ಅವರ ನಂಬರು ಕೇಳಲಿಲ್ಲ. ನನ್ನ ನಂಬರೂ ಕೊಡಲಿಲ್ಲ, ಅದು ಪುಟದಲ್ಲಿ ಇತ್ತಲ್ಲ.

ಭಾನುವಾರ ಬೆಳಿಗ್ಗೆ ಪುಟ ತೆರೆಯಲಿಲ್ಲ. ಸೋಮವಾರವೂ ಇಲ್ಲ. ಹುಡುಕಿ ಓದಿದಾಗ ತಿಳಿದದ್ದಿಷ್ಟು: ಗ್ಯಾಬೊನ್ ದೇಶ ತನ್ನ ಎರಡಕ್ಷರವನ್ನು ಇನ್ನು ತಾನೇ ನೋಡಿಕೊಳ್ಳುತ್ತೇನೆಂದು ಹಿಂದಕ್ಕೆ ಪಡೆದಿತ್ತು. ಪುಕ್ಕಟೆ ಕೊಟ್ಟಿದ್ದ ಹೆಸರುಗಳು ರಾಶಿ ರಾಶಿಯಾಗಿ ಅಳಿಸಿಹೋಗಿದ್ದವು. ನನಗೆ ಕಂಡದ್ದು ಒಂದೇ ಚಿತ್ರ. ಕಾಡಿನಂಚಿನ ಆ ಕ್ಲಾರ್ಕ್ ಊಟ ಮುಗಿಸಿ ಬಂದು, ಕನ್ನಡಕ ಏರಿಸಿ, ನೀಲವ್ವನ ಹೆಸರಿನ ಮೇಲೆ ಗೆರೆ ಎಳೆದ. ಸಿಟ್ಟು ಮಾಡೋಣವೆಂದರೆ ಮನಸ್ಸು ಬರಲಿಲ್ಲ. ನಾನೂ ಕಾಗದ ಸರಿಯಿಲ್ಲದ ಎಷ್ಟೋ ಲಾರಿಗಳನ್ನು ಗೇಟಿನಿಂದ ವಾಪಸು ಕಳಿಸಿದವನೇ. ಆದರೆ ನೀಲವ್ವನಿಗೆ ಹೇಗೆ ಹೇಳುವುದು? ನಿನಗೊಂದು ಹೆಸರು ಕೊಟ್ಟಿದ್ದೆ, ಅದು ಹೋಯಿತು, ಜೊತೆಗೆ ಕ್ಯಾಂಟೀನೂ ಹೋಯಿತು ಎಂದು ಯಾವ ಬಾಯಲ್ಲಿ ಹೇಳಲಿ? ಸೋಮವಾರ, ಮಂಗಳವಾರ, ಬುಧವಾರ ಕಳ್ಳನ ಹಾಗೆ ಉಂಡು ಕಳ್ಳನ ಹಾಗೆ ಡ್ಯೂಟಿಗೆ ಹೋದೆ. ಅವಳೂ ಆ ದಿನಗಳಲ್ಲಿ ಮಾತು ಕಡಿಮೆ ಮಾಡಿದ್ದಳು. ಎರಡೆರಡು ಸಲ ಏನೋ ಹೇಳಲು ಬಂದು, ನನ್ನ ಮುಖ ನೋಡಿ, ಪಲ್ಲೆ ಬಡಿಸಿ ಹೋದಳು.

ಗುರುವಾರ ಸಂಜೆ ಮನೆಗೆ ಬಂದರೆ ಬೋರ್ಡಿನಲ್ಲಿ ಹಸಿ ಬಣ್ಣದ ಹೊಸ ಶಬ್ದವೊಂದಿತ್ತು. ಚುಕ್ಕಿಯ ಮೇಲೆ ಹಳದಿ ಬಳಿದು ಮುಚ್ಚಿದ್ದರು. ಈಗ ಅದನ್ನು ಹೀಗೆ ಓದಬೇಕಿತ್ತು: ‘ನೀಲವ್ವಗ ಒದರ್ರಿ’, ಎಂದರೆ ನೀಲವ್ವನನ್ನು ಕೂಗಿ ಕರೆಯಿರಿ. ಒಳಗೆ ಹೊಸಮನಿಯವರು ಗೋಡೆಗೆ ಒರಗಿ ಕೂತು ಎಣ್ಣೆಗಾಯಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದರು. ನನ್ನನ್ನು ಕಂಡು, “ಬರ್ರಿ ಬರ್ರಿ” ಎಂದು ನನ್ನ ಮನೆಗೆ ನನ್ನನ್ನೇ ಕರೆದರು. “ನಿಮ್ಮ ಇಂಟರ್ನೆಟ್ ತೆರೀಲಿಲ್ರಿ. ನಮ್ಮ ಮಂದಿ ಹೆಚ್ಚು ಈ ಗುಡ್ಡದಾಗ ಇರ್ತಾರಂತ ಇಲ್ಲಿಗೆ ಬಂದು ‘ನೀಲವ್ವಗ’ ಅಂತ ಕೇಳಿದ್ನಿ, ಚಹಾದ ಅಂಗಡ್ಯಾಗ ಎಲ್ಲಾರೂ ನಕ್ಕು ಇದ ಓಣಿ ತೋರಿಸಿದ್ರು. ಬೋರ್ಡಿನ ಮ್ಯಾಲೆ ಒದರ್ರಿ ಅಂತ ಇತ್ತು. ಒದರಿದ್ನಿ, ಅಕ್ಕಾರು ಹೊರಗ ಬಂದ್ರು. ನಾಳಿಂದ ದಿನಾ ಕಳಸ್ರಿ.”

ಅವರು ಹೋದ ಮೇಲೆ ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ನೀಲವ್ವ ತಾಟು ಎತ್ತುತ್ತ, “ಆದಿತ್ಯವಾರನ ಹೋಗಿತ್ತಲ್ರಿ ಅದು” ಅಂದಳು. ನಾನು ಡ್ಯೂಟಿಯಲ್ಲಿರುವಾಗ ದಿನಾ ಮಧ್ಯಾಹ್ನ ತನ್ನ ಫೋನಿನಲ್ಲಿ ಆ ಪುಟ ತೆರೆದು ನೋಡುತ್ತಿದ್ದಳಂತೆ. “ನಿಮ್ಮ ಹೆಬ್ಬಟ್ಟು ಕಂಡು ನಗು ಬರತಿತ್ತು.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ಅಷ್ಟು ಆಸೆಪಟ್ಟು ಮಾಡಿದ್ರಿ. ಹೋತು ಅಂತ ಗೊತ್ತಾದ್ರ ಭಾಳ ಬ್ಯಾಸರಾ ಮಾಡ್ಕೋತೀರಿ ಅಂತ ಸುಮ್ನಿದ್ನಿ. ಬೋರ್ಡರೆ ಯಾಕ ಅರ್ಧಾ ಮಾತಿಗೆ ನಿಲ್ಲಬೇಕಂತ ಮಕಬೂಲಣ್ಣಗ ಹೇಳಿ ಒಂದು ಶಬ್ದ ಕೂಡಿಸಿದ್ನಿ.” ನಾಲ್ಕು ದಿನ ನಾನು ಅವಳಿಂದ ಮುಚ್ಚಿಟ್ಟದ್ದನ್ನು ಅವಳು ನನ್ನಿಂದ ಮುಚ್ಚಿಟ್ಟಿದ್ದಳು. ನನಗೆ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು, ಈ ಸಲ ಪುಕ್ಕಟೆಯದು ಬೇಡ, ನಮ್ಮ ದೇಶದ್ದೇ ಬಾಲ, ಕನ್ನಡದಲ್ಲೇ ‘ಭಾರತ’ ಎಂದು ಹಾಕಿಸೋಣ ಎಂದು ಶುರುಮಾಡಿದೆ. ಅವಳು ಜೋಳದ ಡಬ್ಬಿ ನನ್ನ ಕೈಗಿಟ್ಟು, “ಮೊದಲ ಇದನ್ನ ಬೀಸಿಸ್ಕೊಂಡು ಬರ್ರಿ. ನಾಳಿಗೆ ಹಿಟ್ಟಿಲ್ಲ” ಅಂದಳು.

ಗಿರಣಿಯಲ್ಲಿ ಪಾಳಿ ಉದ್ದವಿತ್ತು. ಗಿರಣಿಯವನು ಡಬ್ಬಿಗಳ ಮೇಲೆ ಸೀಮೆಸುಣ್ಣದಿಂದ ಹೆಸರು ಬರೆಯುತ್ತ ಬಂದ. ನನ್ನದರ ಮೇಲೆ ಕೇಳದೆಯೇ ‘ನೀಲವ್ವ’ ಎಂದು ಬರೆದು ಮುಂದೆ ಹೋದ. ಹಿಂದೆ ನಿಂತಿದ್ದ ಹೊಸಬನೊಬ್ಬ, ಇವರು ಯಾರೆಂದು ಪಕ್ಕದವನನ್ನು ಕೇಳಿದ. “ಗೊತ್ತಿಲ್ಲೇನು? ಇವ್ರು ನೀಲವ್ವನ ಗಂಡ” ಎಂದು ಪಕ್ಕದವನು ಹೇಳಿದ. ಹತ್ತೊಂಬತ್ತು ವರ್ಷ ಊರಿನವರ ಪಾಲಿಗೆ ಕ್ಲಾರ್ಕನಾಗಿದ್ದವನಿಗೆ ಅರ್ಜಿ ಹಾಕದೆ, ಫಾರ್ಮು ತುಂಬದೆ ಒಂದು ಹೊಸ ಹೆಸರು ಸಿಕ್ಕಿತ್ತು. ಡಬ್ಬಿಗೆ ಆತುಕೊಂಡು ಆ ಹೆಸರನ್ನು ನಾಲ್ಕಾರು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಗಿರಣಿಯ ಸದ್ದಿನಲ್ಲಿ ತೂಕಡಿಕೆ ಬಂದು, ಕಾಡಿನಂಚಿನ ಕಿಟಕಿ ಇನ್ನೇನು ತೆರೆಯುವುದರಲ್ಲಿತ್ತು. ಅಷ್ಟರಲ್ಲಿ ಒಂದು ಮಾತು ನೆನಪಾಗಿ ಎಚ್ಚರವಾಯಿತು. ಇದೂ ಪುಕ್ಕಟೆ ಸಿಕ್ಕ ಹೆಸರು, ಕೊಟ್ಟವರು ಯಾವಾಗ ಬೇಕಾದರೂ ವಾಪಸು ತೆಗೆದುಕೊಳ್ಳಬಹುದು. ಬಿಸಿ ಹಿಟ್ಟಿನ ಡಬ್ಬಿ ಹೆಗಲಿಗೇರಿಸಿ, ದಾರಿಯಲ್ಲಿ ಎಲ್ಲಿಯೂ ನಿಲ್ಲದೆ, ನೆಟ್ಟಗೆ ಮನೆಗೆ ನಡೆದೆ.