ಪೂರ್ವಕ್ಕೆ ಮುಖವಿರುವ ಗುರಿ

ಹೊನ್ನೇರು ಗ್ಲೋಬಲ್ ಪಬ್ಲಿಕ್ ಶಾಲೆಯ ಒಂದನೇ ತರಗತಿಯ ಮಕ್ಕಳಿಗೆ ಓದಲು ಕಲಿಸುವ ಹಕ್ಕು ದೈಹಿಕ ಶಿಕ್ಷಣದ ಮೇಷ್ಟ್ರಾದ ಶ್ರೀ ಜಗನ್ ಅವರ ಹೆಸರಿನಲ್ಲಿದೆ. ದಾಖಲೆಗಳು ಸರಿಯಾಗಿವೆ. ಚಕ್ಕುಬಂದಿಯೂ ಸ್ಪಷ್ಟವಾಗಿದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕೈಬರಹ, ಉತ್ತರಕ್ಕೆ ಮಗ್ಗಿ, ದಕ್ಷಿಣಕ್ಕೆ ಚಿತ್ರಕಲೆ.

ನಾನು ಈ ಶಾಲೆಯ ಕಚೇರಿ ಸೂಪರಿಂಟೆಂಡೆಂಟ್ ವಿಶ್ವನಾಥ. ಜಾಲಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಆಯುಷ್ಯ ಸವೆಸಿ, ಸ್ವಯಂನಿವೃತ್ತಿ ಪಡೆದು ಇಲ್ಲಿಗೆ ಬಂದವನು. ಒಂದು ಬೋಲ್ಟು ಹೊರಗೆ ಹೋಗಬೇಕಾದರೂ ಗೇಟ್‌ಪಾಸ್ ಬೇಕು ಎಂಬ ಸಂಸ್ಕಾರದಲ್ಲಿ ಬೆಳೆದವನಾದ್ದರಿಂದ ಇಲ್ಲಿ ನಡೆದದ್ದರಲ್ಲಿ ನನಗೆ ಅಸಹಜವಾದದ್ದೇನೂ ಕಾಣುವುದಿಲ್ಲ. ಯಲಹಂಕದ ಕೆಲವು ಜನ ಬಸ್‌ಸ್ಟಾಪಿನಲ್ಲಿ ನಿಂತು ನಗುತ್ತಿದ್ದಾರೆಂದು ಕೇಳಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ. ನಗುವವರು ತಮ್ಮ ಮನೆಯ ಖಾತಾ ಸರಿಯಿದೆಯೇ ಎಂದು ಮೊದಲು ನೋಡಿಕೊಳ್ಳಲಿ.

ಈ ಸಲ ಶಾಲೆ ಶುರುವಾಗುವ ಮುಂಚೆ ನಮ್ಮ ಪ್ರಾಂಶುಪಾಲರಾದ ರಾಧಾಮಣಿ ಮೇಡಂ ಹೆಬ್ಬಾಳದ ಒಂದು ಹೋಟೆಲಿನಲ್ಲಿ ನಡೆದ ಕಾರ್ಯಾಗಾರಕ್ಕೆ ಹೋಗಿದ್ದರು. ಊಟ ಬಹಳ ಚೆನ್ನಾಗಿತ್ತಂತೆ. ಅಲ್ಲಿಂದ ಬರುವಾಗ ಒಂದು ಚೀಲ, ಒಂದು ನೀರಿನ ಬಾಟಲಿ ಮತ್ತು ಒಂದು ವಿಚಾರ ತಂದರು. ವಿಚಾರವನ್ನು ನಮ್ಮ ಅಧ್ಯಕ್ಷರಾದ ಪಿಳ್ಳಣ್ಣನವರ ಮುಂದಿಟ್ಟರು.

ಪಿಳ್ಳಣ್ಣನವರು ಚಿಕ್ಕಜಾಲದ ಹಳೆಯ ಮನೆತನದವರು. ರಾಗಿ ಹೊಲಗಳನ್ನು ಲೇಔಟ್ ಮಾಡಿ, ಲೇಔಟಿನಲ್ಲಿ ಉಳಿದ ಜಾಗದಲ್ಲಿ ಶಾಲೆ ಮಾಡಿದವರು. ಅವರ ಪ್ರಕಾರ ಪ್ರಪಂಚದಲ್ಲಿ ಇರುವುದು ಎರಡೇ: ಅಳತೆಯಾದದ್ದು ಮತ್ತು ಅಳತೆಯಾಗಬೇಕಾದದ್ದು.

"ಸರ್, ಇನ್ಮೇಲೆ ಪ್ರತಿಯೊಬ್ಬ ಟೀಚರ್‌ಗೂ ವೈಯಕ್ತಿಕ ವೃತ್ತಿ ಬೆಳವಣಿಗೆಯ ಗುರಿ ಅಂತ ಇರ್ಬೇಕು" ಎಂದರು ಮೇಡಂ. "ಅವರವರ ಗುರಿ ಅವರವರದೇ."

"ಅವ್ರವ್ರದೇ ಅಂದ್ಮೇಲೆ ಒಬ್ರದ್ದು ಇನ್ನೊಬ್ರಿಗೆ ಇರಂಗಿಲ್ಲ, ಅಲ್ವರಾ?"

ಮೇಡಂ ಸ್ವಲ್ಪ ಯೋಚಿಸಿದರು. ಕಾರ್ಯಾಗಾರದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಇರೋ ಹಾಗಿಲ್ಲ ಅನ್ಸುತ್ತೆ ಸರ್."

"ಅನ್ಸೋದಲ್ಲ ಕಣ್ರಮ್ಮ. ಒಂದೇ ಸೈಟ್ನ ಇಬ್ರಿಗೆ ಬರ್ಕೊಟ್ಟೋರು ಎಂಗ್ ಕೋರ್ಟಿಗ್ ಅಲೀತವ್ರೆ ಅಂತ ನಾನ್ ಕಣ್ಣಾರೆ ಕಂಡಿವ್ನಿ. ಇಂಗೆ ಮಾಡಿ. ನಕ್ಷೆ ಬರೆಸಿ, ಗೆರೆ ಎಳೆಸಿ, ಒಬ್ಬೊಬ್ರಿಗೆ ಒಂದೊಂದು ಕೊಟ್ಬುಡಿ. ನಾಳೆ ತಕರಾರು ಬರಬಾರ್ದು."

ಹೀಗೆ ನಮ್ಮ ಶಾಲೆಯ ವೃತ್ತಿ ಬೆಳವಣಿಗೆಯ ನಕ್ಷೆ ತಯಾರಾಯಿತು. ಬರೆದವನು ಅಧ್ಯಕ್ಷರ ಲೇಔಟುಗಳ ಸರ್ವೇಯರು. ಆತ ಕಸುಬು ಬಲ್ಲವನು. ಮುಖ್ಯ ರಸ್ತೆಗೆ ಸ್ಮಾರ್ಟ್‌ಬೋರ್ಡ್ ಬಳಕೆ, ಇಂಗ್ಲಿಷ್ ಸಂಭಾಷಣೆ, ಪೋಷಕರೊಂದಿಗೆ ಬಾಂಧವ್ಯ ಮುಂತಾದ ಗುರಿಗಳನ್ನಿಟ್ಟ. ಮೂಲೆಯ ಗುರಿ ಶಾಲಾ ವಾರ್ಷಿಕೋತ್ಸವ. ಒಳರಸ್ತೆಯಲ್ಲಿ ಓದು, ಮಗ್ಗಿ, ಕೈಬರಹ. ಮೋರಿಯ ಪಕ್ಕದಲ್ಲಿ ಶೌಚಾಲಯದ ಸ್ವಚ್ಛತೆ ಮತ್ತು ವಾಹನ ನಿಲುಗಡೆ. ನೀತಿಶಿಕ್ಷಣವನ್ನು ಯಾರಿಗೂ ಹಂಚದೆ ಸಾರ್ವಜನಿಕ ಉಪಯೋಗಕ್ಕೆಂದು ಖಾಲಿ ಬಿಡಲಾಯಿತು. ಅದರಲ್ಲಿ ಸದ್ಯಕ್ಕೆ ಅಧ್ಯಕ್ಷರ ಭಾವಮೈದುನ ಯೂನಿಫಾರಂ ಅಂಗಡಿ ಇಟ್ಟುಕೊಂಡಿದ್ದಾರೆ.

ಹಂಚಿಕೆಯ ದಿನ ಪೂಜೆ ಮಾಡಿ, ಕುಂಬಳಕಾಯಿ ಒಡೆದು, ನಾನೇ ನಿಯಮ ಓದಿದೆ: "ಮೊದಲು ಬಂದವರಿಗೆ ಆದ್ಯತೆ. ಖುದ್ದು ಹಾಜರಿ ಕಡ್ಡಾಯ. ಒಮ್ಮೆ ಪಡೆದ ಗುರಿಯನ್ನು ಹಿಂದಿರುಗಿಸಲಾಗದು." ಶಿಕ್ಷಕರು ಮುಖ್ಯ ರಸ್ತೆಗೆ ಮುಗಿಬಿದ್ದರು. ವಿಜ್ಞಾನದ ಮೇಷ್ಟ್ರಿಗೂ ಸಂಗೀತದ ಮೇಡಮ್ಮಿಗೂ ಪೋಷಕರ ಬಾಂಧವ್ಯದ ವಿಷಯದಲ್ಲಿ ಕೈಕೈ ಮಿಲಾಯಿಸುವಷ್ಟಾಯಿತು. ಜಗನ್ ಮಾತ್ರ ದಿಕ್ಸೂಚಿ ಇರುವ ಫೋನು ಹಿಡಿದು ನಕ್ಷೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಓದಿನ ಮೇಲೆ ಬೆರಳಿಟ್ಟ.

"ಇದು ಪೂರ್ವಕ್ಕೆ ಮುಖ ಇದೆ ಸರ್. ನಮ್ಮಪ್ಪ ಬೇರೇದು ತಗೋಬೇಡ ಅಂದವ್ರೆ" ಎಂದ. ಬರೆದುಕೊಟ್ಟೆ.

ಒಂದನೇ ತರಗತಿಯ ಧನಲಕ್ಷ್ಮಿ ಮೇಡಂ ಆ ಹೊತ್ತಿಗೆ ಇರಲಿಲ್ಲ. ತರಗತಿಯ ಒಂದು ಮಗು ಮೂಗಿಗೆ ಹುಣಸೆಬೀಜ ತುರುಕಿಕೊಂಡಿತ್ತು. ಅದನ್ನು ಎತ್ತಿಕೊಂಡು ಯಲಹಂಕದ ನರ್ಸಿಂಗ್ ಹೋಮಿಗೆ ಓಡಿದ್ದರು. ಬೀಜ ಹೊರಗೆ ಬಂತು, ಮೇಡಂ ವಾಪಸು ಬಂದರು, ಅಷ್ಟರಲ್ಲಿ ನಕ್ಷೆಯಲ್ಲಿ ವಾಹನ ನಿಲುಗಡೆ ಒಂದೇ ಉಳಿದಿತ್ತು.

"ವಿಶ್ವನಾಥ್ ಸರ್, ನಾನು ಒಂದನೇ ಕ್ಲಾಸ್ ಟೀಚರ್ರು. ಮಕ್ಕಳಿಗೆ ಓದೋದ್ ಕಲಿಸೋದೇ ನನ್ ಕೆಲ್ಸ. ಅದನ್ ಬಿಟ್ಟು ಏನ್ ಮಾಡ್ಲಿ?"

"ವಾಹನ ನಿಲ್ಲಿಸಿ ಮೇಡಂ" ಎಂದೆ. ನಿಯಮದಲ್ಲಿ ಬೇರೆ ಉತ್ತರವಿರಲಿಲ್ಲ.

ಅವರು ಜಗನ್ ಹತ್ತಿರ ಹೋದರು. ಆತ ಮೈದಾನದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಸಂಭಾವಿತ ಹುಡುಗ, ಎದ್ದು ನಿಂತೇ ಮಾತಾಡಿದ.

"ನೀವಾದ್ರೂ ಓದ್ಸಿ ಜಗನ್. ಇಲ್ಲಾ ನನಗ್ ಬಿಟ್ಕೊಡಿ."

"ಮೇಡಂ, ನಾನೇನ್ ಕಟ್ಟೋಕ್ ತಗೊಂಡಿದೀನಾ? ಇನ್ವೆಸ್ಟ್‌ಮೆಂಟ್‌ಗೆ ತಗೊಂಡಿರೋದು. ಈಗ್ಲೇ ಓದ್ಸಿಬಿಟ್ರೆ ಏನ್ ಉಳೀತು ಹೇಳಿ? ಎರಡ್ ವರ್ಷ ಹಂಗೇ ಬಿಟ್ಟು ನೋಡಿ. ಮಕ್ಕಳಿಗೆ ಓದೋಕ್ ಬರ್ದೇ ಇದ್ದಷ್ಟೂ ಡಿಮ್ಯಾಂಡ್ ಜಾಸ್ತಿ ಆಗುತ್ತೆ."

ಈ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಮರುದಿನ ಜಗನ್ ಒಂದನೇ ತರಗತಿಯ ಕರಿಹಲಗೆಯ ನಾಲ್ಕು ಮೂಲೆಗೂ ಬಿಳಿ ಬಣ್ಣದಲ್ಲಿ ಗಡಿಕಲ್ಲಿನ ಗುರುತು ಹಾಕಿ, ಬಾಗಿಲಿಗೆ ಫಲಕ ತೂಗುಹಾಕಿದ: "ಈ ಗುರಿಯು ಶ್ರೀ ಜಗನ್ ಅವರಿಗೆ ಸೇರಿದ್ದು. ಅತಿಕ್ರಮಿಸಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು." ಮಕ್ಕಳ ಕಡೆಯಿಂದ ಯಾವ ಆಕ್ಷೇಪಣೆಯೂ ಬರಲಿಲ್ಲ. ಅವರಿಗೆ ಓದಲು ಬರುತ್ತಿರಲಿಲ್ಲ.

ಧನಲಕ್ಷ್ಮಿ ಮೇಡಂ ಕೆಲವು ದಿನ ಹಾಡು ಹೇಳಿಸಿದರು, ಕಥೆ ಹೇಳಿದರು. ಊಟದ ಡಬ್ಬಿ ಬಿಚ್ಚಿಕೊಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆಮೇಲೊಂದು ಬೆಳಿಗ್ಗೆ ಅವರ ಕೈ ತಡೆಯಲಿಲ್ಲ. ಹಲಗೆಯ ಮೇಲೆ 'ಕ' ಬರೆದರು. ಮಕ್ಕಳು "ಕ" ಎಂದು ಕೂಗಿದ್ದು ಮೈದಾನದವರೆಗೂ ಕೇಳಿಸಿ, ಜಗನ್ ಲಿಖಿತ ದೂರು ಕೊಟ್ಟ.

ಸ್ಥಳಕ್ಕೆ ಹೋಗಿ ನಾನೇ ಮಹಜರು ಮಾಡಿದೆ. ಪಂಚರಾಗಿ ಆಯಾ ಮುನಿಕೃಷ್ಣಮ್ಮ ಮತ್ತು ಗೇಟಿನ ವಾಚ್‌ಮನ್ ಹಾಜರಿದ್ದರು. "ಕರಿಹಲಗೆಯ ಮಧ್ಯಭಾಗದಲ್ಲಿ ಅರ್ಧ ಅಡಿ ಎತ್ತರದ 'ಕ' ಅಕ್ಷರವೊಂದು ಅನಧಿಕೃತವಾಗಿ ತಲೆಯೆತ್ತಿರುವುದು ಕಂಡುಬಂದಿರುತ್ತದೆ. ಅದರ ಪಕ್ಕದಲ್ಲಿ 'ಮ' ಅಕ್ಷರಕ್ಕೆ ತಳಪಾಯ ಹಾಕಿರುತ್ತದೆ." ಡಸ್ಟರ್ ತರಿಸಿ, ಪ್ರಾಂಶುಪಾಲರ ಸಮ್ಮುಖದಲ್ಲಿ ಒತ್ತುವರಿಯನ್ನು ತೆರವುಗೊಳಿಸಲಾಯಿತು. ಇನ್ನೊಂದು ಸಲ ಹೀಗಾದರೆ ಕೆಲಸದಿಂದ ತೆಗೆಯುವುದಾಗಿ ಮೇಡಮ್ಮಿಗೆ ನೋಟಿಸು ಕೊಟ್ಟೆವು.

ನೋಟಿಸಿಗೆ ಸಹಿ ಹಾಕಿ ಅವರು ನನ್ನ ಕಡೆ ತಿರುಗಿದರು. "ಆರು ವರ್ಷದ ಮಕ್ಕಳು ಸರ್. ಇವತ್ತೇನೋ ಹೇಳಿಕೊಡ್ತಾರೆ ಅಂತ ಬಾಯ್ ಬಿಟ್ಕೊಂಡು ಮುಖ ನೋಡ್ತಾ ಕೂತಿರ್ತವೆ. ನಾನು ಸೀಮೆಸುಣ್ಣ ಹಿಡ್ಕೊಂಡು ಸುಮ್ನೆ ನಿಂತಿರ್ಬೇಕಾ? ಈ ವಯಸ್ಸು ಕಳೆದು ಹೋದ್ರೆ ವಾಪಸ್ ಬರುತ್ತಾ?" ಎಂದು ಅತ್ತರು. ನನಗೂ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಂಕಟಕ್ಕೆ ನಮ್ಮಲ್ಲಿ ನಮೂನೆ ಇಲ್ಲ.

ಒಂದು ವಾರದ ನಂತರ ಅವರಿಂದ ಅರ್ಜಿ ಬಂತು. "ನನಗೆ ಹಂಚಿಕೆಯಾದ ವಾಹನ ನಿಲುಗಡೆಯ ಗುರಿಯನ್ನು ಶ್ರದ್ಧೆಯಿಂದ ಸಾಧಿಸಬೇಕೆಂದಿದ್ದು, ನನ್ನ ತರಗತಿಯ ಮಕ್ಕಳನ್ನು ದಿನಾ ಗೇಟಿನ ಹೊರಗೆ ಸಹಾಯಕ್ಕೆ ಕರೆದೊಯ್ಯಲು ಅಪ್ಪಣೆಯಾಗಬೇಕು." ಗುರಿಯ ಬಗ್ಗೆ ಇಷ್ಟು ನಿಷ್ಠೆ ಬೇರೆ ಯಾರೂ ತೋರಿಸಿರಲಿಲ್ಲ. ಸ್ಮಾರ್ಟ್‌ಬೋರ್ಡಿನ ಗುರಿಯವರು ಅದಕ್ಕೊಂದು ಹೊದಿಕೆ ಹೊಲಿಸಿದ್ದು ಬಿಟ್ಟರೆ ಹತ್ತಿರ ಹೋಗಿರಲಿಲ್ಲ. ಅಪ್ಪಣೆ ಕೊಟ್ಟೆ.

ಅಂದಿನಿಂದ ಒಂದನೇ ತರಗತಿ ಹೊಂಗೆ ಮರದ ಕೆಳಗೆ ನಿಲ್ಲತೊಡಗಿತು. ಶಾಲೆಯ ವ್ಯಾನುಗಳು, ಆಟೋಗಳು, ನೀರಿನ ಟ್ಯಾಂಕರು, ಪಕ್ಕದ ಅಪಾರ್ಟ್‌ಮೆಂಟ್ ಕೆಲಸಕ್ಕೆ ಜಲ್ಲಿ ತರುವ ಟಿಪ್ಪರುಗಳು ಬರುತ್ತಿದ್ದವು. ಮೇಡಂ ಶಿಸ್ತಾಗಿ ನಿಲ್ಲಿಸುತ್ತಿದ್ದರು. ನಿಂತ ಮೇಲೆ ಗಾಡಿಯ ಹಿಂಬದಿಯನ್ನು ಮಕ್ಕಳು ನೋಡುತ್ತಿದ್ದರು. 'ಅಮ್ಮನ ಆಶೀರ್ವಾದ.' 'ಕುಡಿಯುವ ನೀರು.' 'ದೂರ ಇರು ಗುರು.' ವ್ಯಾನ್ ಡ್ರೈವರ್ ಮೊಯಿನುದ್ದೀನ್, ಮೇಡಂ ಕೇಳಿಕೊಂಡರೆಂದು, ತನ್ನ ಗಾಡಿಯ ಹಿಂದೆ 'ಅಕ್ಕ, ಅಣ್ಣ, ಅಪ್ಪ, ತಮ್ಮ' ಎಂದು ಬರೆಸಿಕೊಂಡ. ಮಕ್ಕಳಿಗೆ ಒತ್ತಕ್ಷರಗಳು ಆಗ ಬಂದವು. ಅವನ ಮನೆಯಲ್ಲಿ ಇಷ್ಟು ಜನ ಇದ್ದಾರಾ ಎಂದು ಟ್ರಾಫಿಕ್ ಪೊಲೀಸರು ವಿಚಾರಿಸಿದರಂತೆ.

ದಸರಾ ರಜೆ ಮುಗಿದು ಶಾಲೆ ತೆರೆದಾಗ ಅನಾಹುತ ಬಯಲಾಯಿತು. ರುಖ್ಸಾರ್ ಎಂಬ ಹುಡುಗಿ ತರಗತಿಯ ಬಾಗಿಲಲ್ಲಿ ನಿಂತು, ಫಲಕದ ಮೇಲಿದ್ದ 'ಅತಿಕ್ರಮಿಸಿದವರ' ಎಂಬ ಪದವನ್ನು ಒಂದೇ ಉಸಿರಿಗೆ ಓದಿದಳು. ಜಗನ್ ಎದುರಿಗೇ ಇದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ.

ಅಧ್ಯಕ್ಷರ ಕೋಣೆಯಲ್ಲಿ ವಿಚಾರಣೆ ನಡೆಯಿತು.

"ಅಣ್ಣಾ, ನನ್ ಗುರಿ ಒಳಗೆ ನನಗ್ ಗೊತ್ತಿಲ್ದೆ ಮಕ್ಕಳು ಓದ್ತಾವ್ರೆ" ಎಂದ ಜಗನ್. "ನಾನ್ ಯಾರ್ ಹತ್ರ ಹೇಳ್ಕೊಳ್ಲಿ?"

"ಏನಮ್ಮಾ, ಓದ್ಸುದ್ಯಾ?" ಪಿಳ್ಳಣ್ಣನವರು ಕೇಳಿದರು.

"ನಾನು ಗಾಡಿ ನಿಲ್ಸಿದೆ ಸರ್" ಎಂದರು ಧನಲಕ್ಷ್ಮಿ ಮೇಡಂ. "ಗಾಡಿ ಮೇಲೆ ಬರ್ದಿತ್ತು. ಮಕ್ಕಳಿಗೆ ಕಣ್ಣಿತ್ತು."

ಪಿಳ್ಳಣ್ಣನವರು ನಕ್ಷೆ ಬಿಚ್ಚಿಸಿ, ಕನ್ನಡಕ ಹಾಕಿ, ಗೇಟಿನಿಂದ ಹಲಗೆಯವರೆಗೆ ಗೇಣು ಹಾಕಿ ಅಳೆದರು. ಮೇಡಂ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು. ಆ ಬೆರಳು ಬಿಳುಚಿಕೊಂಡಿತ್ತು.

"ನೋಡಪ್ಪಾ ಜಗನ್ನು" ಎಂದರು ಅಧ್ಯಕ್ಷರು ಕೊನೆಗೆ. "ಅವಮ್ಮ ನಿನ್ ಗೆರೆ ದಾಟಿಲ್ಲ. ಆದ್ರೆ ಪರ್ಮಿಶನ್ ಇಲ್ದೆ ಓದು ಎದ್ದೈತೆ, ಅದೂ ನಿಜ. ಎದ್ದಿದ್ದನ್ನ ಒಡೆಯಾದು ಎಂಗೆ? ಮಕ್ಕಳ ತಲೆ ಒಳ್ಗೈತೆ. ಅದ್ಕೆ ಇಂಗ್ ಮಾಡಾಣ. ಅಕ್ರಮ-ಸಕ್ರಮ. ಗೇಟಿನ್ ಹೊರಗಡೆ ಓದೋದು ಅವಮ್ಮಂದು. ಗೇಟಿನ್ ಒಳಗಡೆ ಓದೋದು ನಿಂದು."

"ಒಳಗಡೆ ನಾನ್ ಓದ್ಸಲ್ವಲ್ಲಣ್ಣ."

"ಓದ್ಸಬ್ಯಾಡ. ಯಾರ್ ಓದ್ಸು ಅಂದ್ರು? ಪಕ್ಕದಾಗೆ ಡೆವಲಪ್ ಆಯ್ತು ಅಂದ್ರೆ ಖಾಲಿ ಇರೋದಕ್ಕೆ ಬೆಲೆ ಏರ್ತದೆ, ಅಷ್ಟೂ ತಿಳೀದಾ?"

ಜಗನ್ ಮುಖ ಅರಳಿತು. ಈ ವರ್ಷದ ಅತ್ಯುತ್ತಮ ವೃತ್ತಿ ಬೆಳವಣಿಗೆಯ ಪ್ರಶಸ್ತಿಯನ್ನು ಅವನಿಗೇ ಕೊಡಲಾಯಿತು. ಒಂದು ಅಕ್ಷರವನ್ನೂ ಮುಟ್ಟದೆ ಅಷ್ಟು ಬೆಳೆಸಿದವರು ಇನ್ನೊಬ್ಬರಿರಲಿಲ್ಲ. ಧನಲಕ್ಷ್ಮಿ ಮೇಡಮ್ಮಿಗೆ ಸಕ್ರಮದ ಪತ್ರ ಸಿಕ್ಕಿತು. ಅದನ್ನು ದೇವರ ಪ್ರಸಾದದ ಹಾಗೆ ಎದೆಗೊತ್ತಿಕೊಂಡು, ಹಿಂದೆ ತಿರುಗಿ ನೋಡದೆ ಗೇಟಿಗೆ ನಡೆದರು.

ನಿಯಮವನ್ನು ಮಕ್ಕಳು ಪಾಲಿಸುವರೇ ಎಂಬ ಅನುಮಾನ ನನಗಿತ್ತು. ದೊಡ್ಡವರಿಗಿಂತ ಚೆನ್ನಾಗಿ ಪಾಲಿಸಿದರು. ಗೇಟಿನ ಹೊರಗೆ ಟಿಪ್ಪರಿನ ಮೇಲಿನ ವಿಳಾಸವನ್ನೂ ಬಿಡದೆ ಓದುವವರು, ಒಳಗೆ ಕಾಲಿಟ್ಟರೆ ತಮ್ಮ ಹೆಸರನ್ನೂ ಓದುತ್ತಿರಲಿಲ್ಲ. ಪೋಷಕರು ಮೊದಲು ಗೊಣಗಿದರು. ಹೊರಾಂಗಣ ಕಲಿಕೆ ಎಂದು ರಾಧಾಮಣಿ ಮೇಡಂ ಬ್ಯಾನರು ಕಟ್ಟಿಸಿದ ಮೇಲೆ, ಅಬ್ಬಿಗೆರೆಯಿಂದ ಕೂಡ ಪ್ರವೇಶಕ್ಕೆ ಜನ ಬರತೊಡಗಿದರು.

ಶಾಲೆಗಳಿಗೆ ಗುಣಮಟ್ಟದ ಪ್ರಮಾಣಪತ್ರ ಕೊಡುವ ಪರೀಕ್ಷಕರು ಬಂದದ್ದು ಜನವರಿಯಲ್ಲಿ. ತೂಕದ ಮನುಷ್ಯ, ಕೋಟು ಹಾಕಿದ್ದರು. ಒಂದನೇ ತರಗತಿಗೆ ಹೋಗಿ, ತಾವೇ ತಂದಿದ್ದ ಕಥೆಪುಸ್ತಕವನ್ನು ರುಖ್ಸಾರ್ ಕೈಗೆ ಕೊಟ್ಟು, "ಓದಮ್ಮ" ಎಂದರು.

ರುಖ್ಸಾರ್ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು. "ಇಲ್ಲಿ ಓದ್ಬಾರ್ದು ಅಂಕಲ್. ಇದು ಜಗನ್ ಸರ್‌ದು. ಗೇಟ್ ಹತ್ರ ಬನ್ನಿ, ಓದ್ತೀನಿ."

ಪರೀಕ್ಷಕರು ನನ್ನ ಕಡೆ ನೋಡಿದರು. ನಾನು ನಕ್ಷೆ, ಚಕ್ಕುಬಂದಿ, ಸಕ್ರಮದ ಪತ್ರ ಎಲ್ಲವನ್ನೂ ತೋರಿಸಿದೆ. ಅವರು ಒಂದೊಂದೇ ಹಾಳೆ ತಿರುವಿ, ಸೀಲು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ ಎದ್ದರು. ನಾವೆಲ್ಲ ಗೇಟಿಗೆ ಹೋದೆವು. ಮೊಯಿನುದ್ದೀನನ ವ್ಯಾನಿಗೆ ಒರಗಿ ನಿಂತು ಆ ಹುಡುಗಿ ಓದಿದಳು. ಒಂದು ಆಮೆ ತನ್ನ ಮನೆ ಹುಡುಕಿಕೊಂಡು ಹೊರಟ ಕಥೆ. ಎಲ್ಲೂ ತಡವರಿಸಲಿಲ್ಲ. ಧನಲಕ್ಷ್ಮಿ ಮೇಡಂ ಮರದ ಆಚೆ ನಿಂತು ಕಣ್ಣೊರೆಸಿಕೊಂಡರು. ಕಥೆ ಮುಗಿಯುವ ಮುನ್ನವೇ ಗಂಟೆ ಹೊಡೆಯಿತು, ಮಕ್ಕಳು ಒಳಗೆ ಓಡಿದರು. ರುಖ್ಸಾರ್ ಓದುತ್ತಲೇ ನಡೆದವಳು, ಗೇಟು ದಾಟಿದ ಕೂಡಲೇ ವಾಕ್ಯದ ನಡುವೆಯೇ ನಿಲ್ಲಿಸಿ, ಪುಸ್ತಕ ಮುಚ್ಚಿ ಪರೀಕ್ಷಕರ ಕೈಗೆ ಕೊಟ್ಟಳು.

"ಆಮೆಗೆ ಮನೆ ಸಿಕ್ತಾ?" ಎಂದು ಅವರು ಕೇಳಿದರು.

"ಗೊತ್ತಿಲ್ಲ ಅಂಕಲ್. ನಾಳೆ ವ್ಯಾನ್ ಬಂದಾಗ ಬನ್ನಿ."

ಪುಸ್ತಕ ಅವರ ಕೈಯಲ್ಲೇ ಇತ್ತು. ಪುಟ ತಿರುವಿ ನೋಡಿಕೊಳ್ಳಬಹುದಿತ್ತು. ಆದರೆ ಅಷ್ಟರಲ್ಲಿ ಅವರೂ ಗೇಟಿನ ಒಳಗೆ ಬಂದಾಗಿತ್ತು. ನಿಯಮ ತಿಳಿದ ಮನುಷ್ಯ. ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು, ನಾಳೆ ವ್ಯಾನು ಎಷ್ಟು ಗಂಟೆಗೆ ಬರುತ್ತದೆಂದು ನನ್ನನ್ನು ಕೇಳಿದರು.